ತಲೆಯೊಳಗೆ ಪಂಚಾಯ್ತಿ ಸೇರಿದಾಗ ಸುಮ್ನೆ ಕೂರುವುದು ಹೇಗೆ

ಕಾಫಿ ಕೊಯ್ಲಿನ ದಿನಗಳಲ್ಲಿ ಸಂಜೆ ಹೊತ್ತು ಕಣದ ಪಕ್ಕ ತಕ್ಕಡಿ ಇಡುತ್ತಿದ್ದೆವು. ಆಳುಗಳು ಹಣ್ಣಿನ ಚೀಲ ಹೊತ್ತು ಸಾಲಾಗಿ ಬರುತ್ತಿದ್ದರು. ಒಂದೊಂದೇ ಚೀಲ ತೂಗಿ, ಎಷ್ಟು ಕೆ.ಜಿ. ಅಂತ ಗಟ್ಟಿಯಾಗಿ ಹೇಳಿ, ಪುಸ್ತಕದಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. ಮೂಡಿಗೆರೆ ಕಡೆಯ ಒಂದು ಎಸ್ಟೇಟಿನಲ್ಲಿ ನಾನು 27 ವರ್ಷ ರೈಟರ್ ಆಗಿದ್ದೆ. ಒಂದು ಬುಧವಾರ ಸಂಜೆ ಲೈನ್ ಮನೆಯ, ಅಂದರೆ ಆಳುಗಳ ಸಾಲುಮನೆಯ, ಒಬ್ಬ ಹೆಂಗಸು ತಂದ 62 ಕೆ.ಜಿ. ಹಣ್ಣನ್ನು 26 ಎಂದು ಬರೆದೆ. ಬಾಯಿ ಸರಿಯಾಗಿಯೇ ಹೇಳಿತ್ತು. ಕೈ ತಪ್ಪು ಬರೆಯಿತು. ಶನಿವಾರ ಬಟವಾಡೆ ಮಾಡುವಾಗ ಅವಳು ದುಡ್ಡು ಎಣಿಸಿ, "ರೈಟ್ರೇ, ಬುಧವಾರದ್ದು ಕಮ್ಮಿ ಬಂದಿದೆ" ಎಂದಳು. ಅವಳ ಒಂದು ದಿನದ ದುಡಿಮೆ ನನ್ನ ಪೆನ್ನಿನಲ್ಲಿ ಅರ್ಧಕ್ಕಿಂತ ಕಮ್ಮಿಯಾಗಿತ್ತು.

ಅವಳಿಗೆ ಬರಬೇಕಾದ್ದನ್ನು ಆಗಲೇ ಕೊಟ್ಟೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಬುಧವಾರ ತಕ್ಕಡಿ ಮುಂದೆ ನಿಂತಿದ್ದಾಗ ನಾನು ಅಲ್ಲಿ ಇರಲೇ ಇಲ್ಲ. ತಲೆಯೊಳಗೆ ತಮ್ಮನ ಜೊತೆ ಜಗಳ ಆಡುತ್ತಿದ್ದೆ. ಆ ಜಗಳಕ್ಕೆ ಆಗ ಒಂಬತ್ತು ವರ್ಷ ತುಂಬಿತ್ತು.

ವಿಷಯ ಇಷ್ಟೇ. ಅಪ್ಪ ಇರುವಾಗಲೇ ಪಾಲು ಮಾಡಿದರು. ರಸ್ತೆ ಬದಿಯ ಒಂದೂವರೆ ಎಕರೆ ತಮ್ಮನಿಗೆ, ಹಳ್ಳದ ಕಡೆಯ ಎರಡು ಎಕರೆ ನನಗೆ. ಹಿರಿಯರ ಮುಂದೆ "ಆಯ್ತು" ಅಂದವನು ನಾನೇ. ಸಹಿ ಹಾಕಿದವನೂ ನಾನೇ. ಮನೆಗೆ ಬಂದ ಮೇಲೆ ಒಳಗೆ ಇನ್ನೊಂದು ಪಂಚಾಯ್ತಿ ಶುರುವಾಯಿತು. ಒಬ್ಬ ಹೇಳುತ್ತಾನೆ, ಒಡಹುಟ್ಟಿದವನು, ಬಿಡು. ಇನ್ನೊಬ್ಬ ಹೇಳುತ್ತಾನೆ, ನೀನು ಬಾಯಿ ಸತ್ತವನು, ಅದಕ್ಕೇ ಹೀಗಾಯಿತು. ಮೂರನೆಯವನು ಬಂದು, ಇಷ್ಟು ವರ್ಷ ಆದರೂ ಇದನ್ನೇ ನೆನೆಸ್ತೀಯಲ್ಲ, ನಾಚಿಕೆ ಆಗಲ್ವಾ ಅನ್ನುತ್ತಾನೆ. ತಮ್ಮನ ಮೇಲೆ ಸಿಟ್ಟು, ಆ ಸಿಟ್ಟು ಹೋಗುತ್ತಿಲ್ಲವಲ್ಲ ಅಂತ ನನ್ನ ಮೇಲೆ ಸಿಟ್ಟು.

ನಿಮ್ಮ ಜಗಳ ಜಮೀನಿನದ್ದೇ ಆಗಬೇಕಿಲ್ಲ. ಊರಿಗೆ ವಾಪಸ್ ಬರುವುದೋ ಬೆಂಗಳೂರಲ್ಲೇ ಇರುವುದೋ ಅಂತ ಇರಬಹುದು. ಅಮ್ಮನನ್ನು ನೋಡಿಕೊಂಡಿದ್ದು ಸಾಕಾಯಿತೋ ಇಲ್ಲವೋ ಅಂತ ಇರಬಹುದು. ಒಬ್ಬರೊಳಗೇ ಇಬ್ಬರು ಕಚ್ಚಾಡುತ್ತಿದ್ದರೆ, ನಾನು ಕಲಿತ ಜೆನ್ ಧ್ಯಾನ, ಅಂದರೆ ಈ ಸುಮ್ನೆ ಕೂರುವ ಕೆಲಸ, ನಿಮಗೂ ಉಪಯೋಗಕ್ಕೆ ಬಂದೀತು. ನನಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ.

ಜೆನ್ ಅಂದರೆ

ಆ ವರ್ಷ ಮಳೆಗಾಲದಲ್ಲಿ ಎಸ್ಟೇಟಿನ ಬಂಗಲೆಗೆ ಒಬ್ಬ ಹಿರಿಯರು ಬಂದು ಹದಿನೈದು ದಿನ ಇದ್ದರು. ಕೆಲವು ವರ್ಷ ಜಪಾನಿನಲ್ಲಿ ಇದ್ದು ಕಲಿತು ಬಂದವರು. ದಿನಾ ಬೆಳಕು ಹರಿಯುವ ಮೊದಲು ವರಾಂಡದಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಮಳೆ ಲೆಕ್ಕ ಬರೆಯಲು ಬೆಳಿಗ್ಗೆ ಹೋಗುತ್ತಿದ್ದ ನಾನು ಮೂರು ದಿನ ನೋಡಿದೆ. ನಾಲ್ಕನೆಯ ದಿನ ಕೇಳಿಯೇಬಿಟ್ಟೆ. "ಗೋಡೆಯಲ್ಲಿ ಏನು ಕಾಣುತ್ತದೆ ಸಾರ್?" ಅವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. "ಕೂತು ನೋಡಿ" ಅಂದರು.

ಜೆನ್ ಅನ್ನುವ ಪದ ನಮ್ಮದೇ. ನಮ್ಮ ಧ್ಯಾನ ಚೀನಾಕ್ಕೆ ಹೋಗಿ ಚಾನ್ ಆಯಿತು, ಅಲ್ಲಿಂದ ಜಪಾನಿಗೆ ಹೋಗಿ ಜೆನ್ ಆಯಿತು. ಸುಮಾರು 1500 ವರ್ಷದ ಹಿಂದೆ ಅದನ್ನು ಚೀನಾಕ್ಕೆ ಒಯ್ದವರು ಬೋಧಿಧರ್ಮ ಎನ್ನುತ್ತಾರೆ. ಅವರು ನಮ್ಮ ದಕ್ಷಿಣದ ಕಡೆಯವರು, ಕಂಚಿಯಿಂದ ಹೋದವರು ಎಂದು ಪರಂಪರೆ ನಂಬುತ್ತದೆ. ಒಂಬತ್ತು ವರ್ಷ ಗೋಡೆ ನೋಡುತ್ತಾ ಕೂತಿದ್ದರು ಅಂತ ಕಥೆ. ನಾನೂ ಒಂಬತ್ತು ವರ್ಷ ಕೂತಿದ್ದೆ, ಪಂಚಾಯ್ತಿ ಕಟ್ಟೆ ಮೇಲೆ.

ಬೋಧಿಧರ್ಮರ ಬಳಿಗೆ ಹುಯಿಕೆ ಎಂಬಾತ ಬಂದನಂತೆ. ನನ್ನ ಮನಸ್ಸಿಗೆ ನೆಮ್ಮದಿ ಇಲ್ಲ, ನೆಮ್ಮದಿ ಮಾಡಿಕೊಡಿ ಎಂದು ಬೇಡಿದನಂತೆ. ಆ ಮನಸ್ಸನ್ನು ಇಲ್ಲಿ ತಾ, ಮಾಡಿಕೊಡುತ್ತೇನೆ ಎಂದರು ಗುರು. ಎಷ್ಟು ಹುಡುಕಿದರೂ ಅದು ಸಿಗುತ್ತಿಲ್ಲ ಅಂದ ಇವನು. ಹಾಗಾದರೆ ನೆಮ್ಮದಿ ಮಾಡಿ ಆಯಿತಲ್ಲ ಎಂದರಂತೆ.

ಮೊದಲ ಸಲ ಕೇಳಿದಾಗ ಇದು ಮಾತಿನ ಚಮತ್ಕಾರ ಅನ್ನಿಸಿತ್ತು. ಅಲ್ಲ, ಇದು ಮಾಡಬೇಕಾದ ಕೆಲಸ. ಹೇಗೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೂರುವುದು ಗೊತ್ತಾಗಬೇಕು.

ಕೂರುವುದು

ಒಂದು ಗೋಡೆ ಸಾಕು. ಚಿತ್ರ, ಕ್ಯಾಲೆಂಡರ್ ಇಲ್ಲದ ಗೋಡೆ ಆದರೆ ಒಳ್ಳೆಯದು. ಎರಡು ಮೂರು ಅಡಿ ಬಿಟ್ಟು ಅದಕ್ಕೆ ಮುಖ ಮಾಡಿ. ಕೆಳಗೆ ಕಂಬಳಿ ಮಡಚಿ ಹಾಕಿ, ಅದರ ಮೇಲೆ ಗಟ್ಟಿಯಾದ ದುಂಡನೆ ದಿಂಬು. ಜಪಾನಿನಲ್ಲಿ ಇದಕ್ಕೆ ಜಾಫು ಎನ್ನುತ್ತಾರೆ. ಅಲ್ಲೂ ಅದಕ್ಕೆ ತುಂಬುವುದು ಬೂರುಗದ ಹತ್ತಿಯಂಥದ್ದೇ ಎಂದು ತಿಳಿದು ನನಗೆ ಖುಷಿಯಾಯಿತು. ನಮ್ಮ ತೋಟದಂಚಿನ ಬೂರುಗದ ಮರದಿಂದ ಕಾಯಿ ಆರಿಸಿ ನನ್ನ ಹೆಂಡತಿ ಒಂದು ಹೊಲಿದುಕೊಟ್ಟಳು. ಅಗಲ ಒಂದು ಅಡಿಗಿಂತ ಸ್ವಲ್ಪ ಜಾಸ್ತಿ, ಎತ್ತರ ಒಂದು ಗೇಣು. ಮೆತ್ತಗಿನ ತಲೆದಿಂಬು ಬೇಡ, ಕುಸಿದು ಹೋಗುತ್ತದೆ.

ದಿಂಬಿನ ಮುಂದಿನ ಭಾಗದಲ್ಲಿ ಮಾತ್ರ ಕೂರಿ. ಆಗ ಸೊಂಟ ತಾನೇ ಸ್ವಲ್ಪ ಮುಂದೆ ಬಾಗುತ್ತದೆ, ಎರಡು ಮೊಣಕಾಲೂ ನೆಲಕ್ಕೆ ಮುಟ್ಟುತ್ತವೆ. ಎರಡು ಮೊಣಕಾಲು, ಒಂದು ಕುಂಡಿ. ಮೂರು ಕಲ್ಲಿನ ಒಲೆ ಇದ್ದ ಹಾಗೆ ಅಲುಗಾಡಬಾರದು. ಪದ್ಮಾಸನ ಬಂದರೆ ಸರಿ, ಬರದಿದ್ದರೆ ಒಂದು ಕಾಲಿನ ಮುಂದೆ ಇನ್ನೊಂದು ಕಾಲು ಇಟ್ಟರೂ ಸರಿ. ಮಂಡಿ ನೋವಿದ್ದವರು ಕುರ್ಚಿಯ ಮೇಲೆ ಕೂರಬಹುದು. ಪಾದ ನೆಲದ ಮೇಲೆ ಊರಿರಬೇಕು, ಬೆನ್ನು ಒರಗಬಾರದು.

ಎಡಕ್ಕೆ ಬಲಕ್ಕೆ ನಾಲ್ಕು ಸಲ ತೂಗಿ ನಡುವೆ ನಿಲ್ಲಿ. ಬಲ ಅಂಗೈ ಮೇಲೆ ಎಡ ಅಂಗೈ, ಎರಡು ಹೆಬ್ಬೆರಳ ತುದಿ ಮೆಲ್ಲಗೆ ತಾಗಿರಲಿ. ನಾಲಿಗೆ ಮೇಲಿನ ಹಲ್ಲಿನ ಹಿಂದೆ ಅಂಗುಳಕ್ಕೆ ತಾಗಿರಲಿ. ಕಣ್ಣು ಪೂರ್ತಿ ಮುಚ್ಚಬೇಡಿ. ಇದು ಮುಖ್ಯ. ಕಣ್ಣು ಮುಚ್ಚಿದರೆ ಒಂದೋ ನಿದ್ದೆ, ಇಲ್ಲದಿದ್ದರೆ ಸಿನಿಮಾ. ಅರ್ಧ ತೆರೆದು ನೋಟವನ್ನು ಕೆಳಕ್ಕೆ ಬಿಡಿ.

ಹೆಬ್ಬೆರಳು ನಿಮಗೆ ಸುದ್ದಿ ಹೇಳುತ್ತವೆ. ತೂಕಡಿಸಿದರೆ ಅವು ಬಿಟ್ಟುಕೊಳ್ಳುತ್ತವೆ. ಸಿಟ್ಟು ಬಂದರೆ ಒಂದನ್ನೊಂದು ಒತ್ತುತ್ತವೆ. ನನ್ನವು ಮೊದಲ ತಿಂಗಳು ಪೂರ್ತಿ ಒತ್ತಿಕೊಂಡೇ ಇದ್ದವು.

ಇನ್ನು ಉಸಿರು. ಎಳೆದು ಬಿಡುವ ಪ್ರಾಣಾಯಾಮ ಅಲ್ಲ, ತಾನಾಗಿ ಬರುವ ಉಸಿರು. ಬಿಡುವಾಗ ಒಂದು ಅಂತ ಎಣಿಸಿ. ಮುಂದಿನ ಸಲ ಬಿಡುವಾಗ ಎರಡು. ಹತ್ತಕ್ಕೆ ಹೋಗಿ ಮತ್ತೆ ಒಂದಕ್ಕೆ ಬನ್ನಿ. ನಡುವೆ ಲೆಕ್ಕ ತಪ್ಪಿದರೆ ಒಂದರಿಂದ ಶುರು ಮಾಡಿ. ತಪ್ಪಿದ್ದಕ್ಕೆ ಬೈದುಕೊಳ್ಳಬೇಡಿ. 27 ವರ್ಷ ಲೆಕ್ಕ ಬರೆದವನು ನಾನು, ಮೊದಲ ದಿನ ನಾಲ್ಕು ದಾಟಲಿಲ್ಲ.

ಮೊದಲ ವಾರ ಹತ್ತು ನಿಮಿಷ ಸಾಕು. ಮಠಗಳಲ್ಲಿ ಒಂದು ಊದುಬತ್ತಿ ಉರಿಯುವಷ್ಟು, ಸುಮಾರು 40 ನಿಮಿಷ ಕೂರುತ್ತಾರೆ. ನಾನು ಈಗ 25 ನಿಮಿಷಕ್ಕೆ ನಿಂತಿದ್ದೇನೆ. ಹೆಚ್ಚು ಹೊತ್ತು ಕೂರುವುದಕ್ಕಿಂತ ದಿನಾ ಕೂರುವುದು ದೊಡ್ಡದು.

ಪಂಚಾಯ್ತಿ ಸೇರಿತು, ಈಗ?

ಸೇರಿಯೇ ಸೇರುತ್ತದೆ. ಕೂತ ಎರಡನೇ ನಿಮಿಷಕ್ಕೆ ಎಲ್ಲರೂ ಬಂದು ಕಂಬಳಿ ಹಾಸಿಕೊಂಡು ಕೂರುತ್ತಾರೆ. ಮನಸ್ಸು ಖಾಲಿ ಆಗಬೇಕು ಅಂದುಕೊಂಡು ಕೂತವರು ಇಲ್ಲೇ ಸೋತು ಎದ್ದುಹೋಗುತ್ತಾರೆ. ಖಾಲಿ ಮಾಡುವುದು ಇಲ್ಲಿಯ ಕೆಲಸವೇ ಅಲ್ಲ. ಬಂದವರನ್ನು ಓಡಿಸಬೇಡಿ. ಓಡಿಸಲು ಎದ್ದರೆ ನೀವೂ ಒಬ್ಬ ಕಕ್ಷಿದಾರ ಆದಿರಿ.

ನಾನು ಮಾಡಿದ್ದು ಹೀಗೆ. ಮಾತು ಶುರುವಾಗಿದೆ ಅಂತ ಗೊತ್ತಾದ ತಕ್ಷಣ ಮನಸ್ಸಿನಲ್ಲೇ ಒಂದು ಸಲ "ಪಂಚಾಯ್ತಿ" ಅನ್ನುತ್ತಿದ್ದೆ. ಒಂದೇ ಸಲ. ಹಾಜರಿ ಪುಸ್ತಕದಲ್ಲಿ ಗುರುತು ಹಾಕಿದ ಹಾಗೆ. ಯಾರು ಬಂದರು, ಏನು ಹೇಳಿದರು ಎಂಬ ವಿವರ ಬೇಡ.

ಆಮೇಲೆ ಅದು ಮೈಯಲ್ಲಿ ಎಲ್ಲಿದೆ ಅಂತ ನೋಡುತ್ತಿದ್ದೆ. ಹುಯಿಕೆಯ ಕಥೆ ಕೆಲಸಕ್ಕೆ ಬಂದದ್ದು ಇಲ್ಲಿ. ನನ್ನ ಸಿಟ್ಟನ್ನು ಇಲ್ಲಿ ತಾ ಅಂದರೆ ಏನು ತರಲಿ? ದವಡೆ ಬಿಗಿದಿದೆ, ಅದನ್ನು ತರಬಹುದು. ಎದೆಯ ಎಡಗಡೆ ಬಿಸಿ ಇದೆ. ಹೊಟ್ಟೆ ಒಳಕ್ಕೆ ಎಳೆದುಕೊಂಡಿದೆ. ಅಪ್ಪನ ಮನೆ ಜಗಲಿ ಮೇಲೆ ಸಹಿ ಹಾಕಿದ ದಿನದ ಒಂದು ಚಿತ್ರ ಬರುತ್ತದೆ, ಹೋಗುತ್ತದೆ. ಎರಡು ಮೂರು ವಾಕ್ಯ ಬರುತ್ತವೆ, ಅವೇ ಹಳೆಯವು. ಒಂದೊಂದನ್ನೇ ನೋಡಿದರೆ ದವಡೆ ಇದೆ, ಬಿಸಿ ಇದೆ, ಚಿತ್ರ ಇದೆ, ವಾಕ್ಯ ಇದೆ. ಒಂಬತ್ತು ವರ್ಷ ನನ್ನನ್ನು ಆಡಿಸಿದ ಆ ದೊಡ್ಡ ಜಗಳ ಮಾತ್ರ ಎಲ್ಲೂ ಒಂದು ಗಂಟಾಗಿ ಸಿಗುವುದಿಲ್ಲ. ಇದನ್ನು ಓದಿ ನಂಬಬೇಡಿ. ಕೂತು ಹುಡುಕಿ. ನಿಜವಾಗಿ ಹುಡುಕಬೇಕು, ಕಳೆದುಹೋದ ಬೀಗದ ಕೈ ಹುಡುಕುವ ಹಾಗೆ.

ಹುಡುಕಿ, ದವಡೆ ಸಡಿಲ ಬಿಟ್ಟು, ಮತ್ತೆ ಒಂದು. ಎರಡು.

ನನಗೆ ತಿಳಿಯಲು ಎಲ್ಲಕ್ಕಿಂತ ತಡವಾದ ಒಂದು ಮಾತಿದೆ. ಒಳಗೆ "ಬಿಡು, ಬಿಡು" ಅನ್ನುವವನಿದ್ದಾನಲ್ಲ, ಅವನೂ ಪಂಚಾಯ್ತಿಯವನೇ. ಒಳ್ಳೆಯ ಮಾತಾಡುತ್ತಾನೆ, ಅದಕ್ಕೇ ಅವನನ್ನು ನಾವು ನ್ಯಾಯಾಧೀಶ ಅಂದುಕೊಂಡು ಅವನ ಪಕ್ಕ ಹೋಗಿ ನಿಲ್ಲುತ್ತೇವೆ. ನಿಂತ ತಕ್ಷಣ ಆ ಕಡೆಯವನು ಇನ್ನೂ ಜೋರಾಗಿ ಕೂಗುತ್ತಾನೆ. ನಾನು ಎಷ್ಟೋ ವರ್ಷ "ಬಿಡಬೇಕು" ಅಂತ ಹಟ ಹಿಡಿದೇ ಜಗಳ ಬೆಳೆಸಿದ್ದೆ. ಬಿಡು ಅನ್ನುವವನ ಮಾತೂ ಬರಲಿ, ಹೋಗಲಿ. ಅವನಿಗೂ ಉತ್ತರ ಕೊಡಬೇಡಿ. ಇಬ್ಬರಿಗೂ ಸಾಕ್ಷಿ ಸಿಗದಿದ್ದರೆ ಎಷ್ಟು ಹೊತ್ತು ಕೂಗುತ್ತಾರೆ? ಕೆಲವು ದಿನ ಪೂರ್ತಿ 25 ನಿಮಿಷ ಕೂಗಿದ್ದಾರೆ. ಆ ದಿನಗಳಲ್ಲೂ ನಾನು ಎದ್ದುಹೋಗಲಿಲ್ಲ, ಅಷ್ಟೇ.

ರಾತ್ರಿ ಮಲಗಿದಾಗ ಶುರುವಾದರೆ ಹಾಸಿಗೆಯಲ್ಲಿ ಹೊರಳಬೇಡಿ. ಎದ್ದು ನಡೆಯಿರಿ. ಜೆನ್‌ನಲ್ಲಿ ಇದಕ್ಕೂ ಒಂದು ಕ್ರಮ ಇದೆ, ಕಿನ್ಹಿನ್ ಎಂದು ಹೆಸರು. ಎಡಗೈ ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿ, ಎದೆಯ ಮುಂದೆ ಹಿಡಿದು, ಬಲಗೈಯಿಂದ ಮುಚ್ಚಿ. ಒಂದು ಉಸಿರಿಗೆ ಅರ್ಧ ಹೆಜ್ಜೆ. ನಮ್ಮ ಕಡೆ ಜುಲೈನಲ್ಲಿ ಹಗಲು ರಾತ್ರಿ ಮಳೆ ಹಿಡಿದುಕೊಂಡಿರುತ್ತದೆ, ಹೊರಗೆ ಕಾಲಿಟ್ಟರೆ ಇಂಬಳ. ಜಗಲಿ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಅಡಿ, ಅಷ್ಟು ಸಾಕು. ಹೆಂಚಿನ ಮೇಲೆ ಮಳೆ ಸದ್ದು, ಕಾಲ ಕೆಳಗೆ ತಣ್ಣನೆ ನೆಲ. ಹಿಮ್ಮಡಿ ಊರಿತು, ಬೆರಳು ಊರಿತು. ನನಗೆ ಅರ್ಧ ಗಂಟೆಯಲ್ಲಿ ನಿದ್ದೆ ಬರುತ್ತದೆ.

ಕೆಲಸದಲ್ಲಿ ಕೂರುವುದು

ಬೆಳಿಗ್ಗೆ 25 ನಿಮಿಷ ಗೋಡೆ ನೋಡಿ, ಉಳಿದ ದಿನವೆಲ್ಲ ತಲೆಯೊಳಗೆ ಜಗಳ ಆಡಿದರೆ ಏನು ಬಂತು? ಜೆನ್ ಮಠಗಳಲ್ಲಿ ಗುಡಿಸುವುದು, ಅಡುಗೆ, ತೋಟದ ಕೆಲಸ ಇವೆಲ್ಲ ಸಾಧನೆಯೇ. ಸಮು ಅನ್ನುತ್ತಾರೆ.

ಡೋಗೆನ್ ಎಂಬ ಜಪಾನಿನ ಸನ್ಯಾಸಿ 1223ರಲ್ಲಿ ಕಲಿಯಲು ಚೀನಾಕ್ಕೆ ಹೋದರು. ನಾನು ಮೇಲೆ ಹೇಳಿದ ಕೂರುವ ಕ್ರಮ ಜಪಾನಿನಲ್ಲಿ ನೆಲೆಯಾದದ್ದು ಅವರಿಂದ. ಅಲ್ಲಿಯ ಮಠದ ಅಂಗಳದಲ್ಲಿ ಸುಡು ಮಧ್ಯಾಹ್ನ ಒಬ್ಬ ಮುದುಕ ಅಣಬೆ ಒಣಗಿಸುತ್ತಿದ್ದದ್ದನ್ನು ಅವರು ಕಂಡರು. ಮಠದ ಅಡುಗೆಯ ಹಿರಿಯ. ಕೈಯಲ್ಲಿ ಬಿದಿರು ಕೋಲು, ತಲೆ ಮೇಲೆ ಟೋಪಿಯೂ ಇಲ್ಲ, ಬೆನ್ನು ಬಾಗಿದೆ. ಆಳುಗಳ ಕೈಲಿ ಮಾಡಿಸಬಾರದೇ ಅಂತ ಡೋಗೆನ್ ಕೇಳಿದರು. ಬೇರೆಯವರು ನಾನಲ್ಲವಲ್ಲ ಅಂದ ಮುದುಕ. ಇಷ್ಟು ಬಿಸಿಲಲ್ಲೇ ಯಾಕೆ ಅಂದರೆ, ಮತ್ತೆ ಯಾವಾಗ ಅಂದ. ಡೋಗೆನ್ ಸುಮ್ಮನಾದರು.

ನಾನು ವರ್ಷಾನುಗಟ್ಟಲೆ ಕಣದಲ್ಲಿ ಕಾಫಿ ಒಣಗುವುದನ್ನು ನೋಡಿದವನು. ಹಣ್ಣು ಹರಡಿ, ಗಂಟೆಗೊಮ್ಮೆ ಕೈಯಾಡಿಸಿ, ಸಂಜೆ ಗುಡ್ಡೆ ಹಾಕಿ ಟಾರ್ಪಲ್ ಮುಚ್ಚಬೇಕು. ಕೈಯಾಡಿಸದಿದ್ದರೆ ಬೂಸ್ಟು ಹಿಡಿಯುತ್ತದೆ. ಆ ಮುದುಕನ ಮಾತು ನನಗೆ ಕಣದ ಮಾತಾಗಿಯೇ ಕೇಳಿಸಿತು.

ಶುರು ಮಾಡಲು ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ನನಗೆ ಸಿಕ್ಕಿದ್ದು ಚಿಗುರು ತೆಗೆಯುವ ಕೆಲಸ. ಮಳೆ ಬಿಟ್ಟ ಮೇಲೆ ಕಾಫಿ ಗಿಡದ ಒಳಗೆ ಬೇಡದ ಚಿಗುರು ಎದ್ದಿರುತ್ತದೆ. ಒಂದೊಂದೇ ಗಿಡದ ಮುಂದೆ ನಿಂತು, ರೆಕ್ಕೆ, ಅಂದರೆ ಅಡ್ಡ ಕೊಂಬೆ, ಸರಿಸಿ, ಹೆಬ್ಬೆರಳಲ್ಲಿ ಚಿವುಟಬೇಕು. ಒಂದು ಗಿಡ, ಒಂದು ಚಿಗುರು, ಒಂದು ಚಿಟಕ್ ಸದ್ದು. ಪಂಚಾಯ್ತಿ ಶುರುವಾದರೆ ಕೈ ತಾನೇ ಬೇಗ ಬೇಗ ಓಡುತ್ತದೆ, ಬೇಕಾದ ರೆಕ್ಕೆಯೂ ಮುರಿಯುತ್ತದೆ. ಆಗ ಕೈ ನಿಲ್ಲಿಸಿ, ಒಂದು ಉಸಿರು ಬಿಟ್ಟು, ಮುಂದಿನ ಚಿಗುರು. ನಿಮಗೆ ಪಾತ್ರೆ ತೊಳೆಯುವುದು ಇರಬಹುದು, ಅಕ್ಕಿ ಆರಿಸುವುದು ಇರಬಹುದು, ಹಾಸನದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವುದೂ ಇರಬಹುದು. ಕಿವಿಗೆ ಏನೂ ಸಿಕ್ಕಿಸಿಕೊಳ್ಳದೆ ಮಾಡಿ.

ತಕ್ಕಡಿ ಹತ್ತಿರವೂ ಹಾಗೇ ಮಾಡಿದೆ. ಕೆ.ಜಿ. ಹೇಳುವ ಮೊದಲು ಒಂದು ಉಸಿರು. ಬರೆದ ಮೇಲೆ ಚೀಲ ತಂದವರ ಮುಖ ನೋಡಿ ಇನ್ನೊಂದು ಸಲ ಓದಿ ಹೇಳುವುದು. ಮತ್ತೆ ಯಾರ ಲೆಕ್ಕವೂ ತಿರುವುಮುರುವು ಆಗಲಿಲ್ಲ.

ತಳದಲ್ಲಿ ಏನಿತ್ತು

ಕೂತು ಎಂಟು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಅದೇ ಜಗಲಿಯ ಚಿತ್ರ ಬಂತು. ಹೋಗಲು ಬಿಟ್ಟೆ. ಅದು ಹೋಗುವಾಗ ಅದರ ಹಿಂದೆ ಇನ್ನೊಂದು ಬಂತು. ಅಪ್ಪ ನನ್ನ ಕಡೆ ನೋಡದೆ ನೆಲ ನೋಡುತ್ತಾ ಮಾತಾಡುತ್ತಿದ್ದದ್ದು. ನನ್ನನ್ನು ಒಂದು ಮಾತು ಕೇಳಲಿಲ್ಲ ಅಪ್ಪ. ನೋವು ಅದು. ಒಂದೂವರೆ ಎಕರೆಯದ್ದಲ್ಲ, ತಮ್ಮನದ್ದಂತೂ ಅಲ್ಲವೇ ಅಲ್ಲ. ಗೋಡೆ ನೋಡುತ್ತಾ ಅತ್ತೆ. ಅಳು ಬಂದರೆ ಅಳಿ, ಬೆನ್ನು ಮಾತ್ರ ನೇರ ಇರಲಿ ಎಂದು ಆ ಹಿರಿಯರು ಹೇಳಿದ್ದರು.

ಬಿಡುವುದು ಅಂದರೆ ಅನ್ಯಾಯವನ್ನು ನುಂಗಿಕೊಳ್ಳುವುದಲ್ಲ. ಇದನ್ನು ಒತ್ತಿ ಹೇಳಬೇಕು. ನಿಮ್ಮ ಪಾಲು ನಿಮಗೆ ಸಿಗಬೇಕಿದ್ದರೆ ಕೇಳಿ, ಕೋರ್ಟಿಗೆ ಹೋಗಬೇಕಿದ್ದರೆ ಹೋಗಿ. ಯಾರಾದರೂ ಹೊಡೆಯುತ್ತಿದ್ದರೆ ಗೋಡೆ ಮುಂದೆ ಕೂರುವುದು ಮದ್ದಲ್ಲ, ಅಲ್ಲಿಂದ ಹೊರಡಿ. ನನಗೂ ಒಂದು ನಿಜವಾದ ತೊಂದರೆ ಇತ್ತು. ಹಳ್ಳದ ಕಡೆಯಿಂದ ಕಾಫಿ ಚೀಲ ರಸ್ತೆಗೆ ತರಲು ದಾರಿ ಇರಲಿಲ್ಲ, ಆಳುಗಳು ಹೊತ್ತು ತರಬೇಕಿತ್ತು. ಒಂಬತ್ತು ವರ್ಷ ತಲೆಯೊಳಗೆ ವಾದ ಮಾಡಿದೆನೇ ಹೊರತು ದಾರಿ ಕೊಡು ಅಂತ ತಮ್ಮನನ್ನು ಒಂದು ಸಲವೂ ಕೇಳಿರಲಿಲ್ಲ. ಆ ವಾರ ಹೋಗಿ ಕೇಳಿದೆ. ಅವನು ಬೇಲಿ ಹತ್ತಿರ ನಿಂತು ಸ್ವಲ್ಪ ಹೊತ್ತು ಯೋಚಿಸಿದ. "ಜೀಪು ಹೋಗುವಷ್ಟು ಬಿಡ್ತೀನಿ ಅಣ್ಣ, ಆ ನಾಲ್ಕು ಗಿಡ ತೆಗೀಬೇಕಾಗುತ್ತೆ" ಅಂದ. ನಾಲ್ಕು ಗಿಡದ ದುಡ್ಡು ಕೊಡಲು ಹೋದೆ, ತಗೊಳ್ಳಲಿಲ್ಲ.

ಇನ್ನೊಂದು ಎಚ್ಚರಿಕೆ. ಕೂತಾಗ ಹಳೆಯ ಭಯ ಏರಿ ಬಂದು ಮೈ ನಡುಗಿದರೆ, ವಾರಗಟ್ಟಲೆ ನಿದ್ದೆ ಊಟ ಬಿಟ್ಟುಹೋದರೆ, ಬದುಕುವುದೇ ಬೇಡ ಅನ್ನಿಸಿದರೆ, ಕೂರುವುದನ್ನು ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ.

ಎಷ್ಟು ದಿನ ಬೇಕು ಅಂತ ಕೇಳುತ್ತಾರೆ. ಹೂ ಮಳೆ ಬಿದ್ದ ಮೇಲೆ ಕಾಫಿ ಮೊಗ್ಗು ಅರಳಲು ಎಂಟು ಹತ್ತು ದಿನ ಬೇಕು. ಆ ಹತ್ತು ದಿನ ಗಿಡದ ಹತ್ತಿರ ನಮಗೇನೂ ಕೆಲಸ ಇರುವುದಿಲ್ಲ. ಮೊಗ್ಗನ್ನು ಬಿಡಿಸಿ ನೋಡುವವರು ಯಾರೂ ಇಲ್ಲ. ನಿಮ್ಮದಕ್ಕೂ ಅದರದ್ದೇ ದಿನ ಬೇಕು. ಆಯಿತೋ ಇಲ್ಲವೋ ಅಂತ ದಿನಾ ಅಳೆದು ನೋಡಬೇಡಿ.

ಈ ವರ್ಷ ಫೆಬ್ರವರಿ ಮುಗಿದರೂ ನಮ್ಮಲ್ಲಿ ಹೂ ಮಳೆ ಬರಲಿಲ್ಲ. ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕಿತ್ತು. ರಸ್ತೆ ಬದಿಯ ತೋಟದಲ್ಲಿ ನೀರಿಲ್ಲ, ಹಳ್ಳ ಇರುವುದು ನನ್ನ ಪಾಲಿನಲ್ಲಿ. ಒಂದು ಸಂಜೆ ತಮ್ಮ ಬಂದು ಜಗಲಿ ಕೆಳಗೆ ನಿಂತ. "ಅಣ್ಣಾ, ಪಂಪು ಎರಡು ದಿನ ಬೇಕಿತ್ತು" ಅಂದ. ಕಾಫಿ ಕುಡಿದು ಹೋಗು ಅಂದೆ. ಆ ರಾತ್ರಿ ಮಲಗಿದಾಗ ಒಳಗೆ ಒಬ್ಬ ಎದ್ದು ನಿಂತು, ರಸ್ತೆ ಬದಿ ಬೇಕಿತ್ತಲ್ಲ ಅವನಿಗೆ, ಈಗ ನೀರೂ ಬೇಕಾ ಅಂದ. ದವಡೆ ಬಿಗಿದಿತ್ತು. ಸಡಿಲ ಬಿಟ್ಟೆ.

ಬೆಳಿಗ್ಗೆ ಐದೂವರೆಗೆ ಎದ್ದು ಗೋಡೆ ಮುಂದೆ ಕೂತೆ. ಒಂದು. ಎರಡು. ಮೂರು. ಹಳ್ಳದ ಕಡೆಯಿಂದ ಪಂಪಿನ ಸದ್ದು ಕೇಳಿಸುತ್ತಿತ್ತು.